ಮೀನಿನ ಹುಡಿಯ ವಿರುದ್ಧ ನನ್ನ ಭಾಷಣ

ಕಾರ್ಕಳದ ಹೊರವಲಯದಲ್ಲಿ ನನಗೊಂದು ಸಣ್ಣ ಕೋಳಿ ಫಾರ್ಮ್ ಇದೆ. ಮೊಟ್ಟೆಗಳು ಮಣಿಪಾಲದ ಹಾಸ್ಟೆಲ್ ಮೆಸ್ಸುಗಳಿಗೆ ಹೋಗುತ್ತವೆ. ಆದರೆ ಬಳಗದಲ್ಲಿ ನನ್ನ ಖ್ಯಾತಿ ಬೇರೆಯದೇ: ಮೈಕ್ ಸಿಕ್ಕರೆ ಬಿಡುವುದಿಲ್ಲ. ಮದುವೆಯ ಮನೆಗಳಲ್ಲಿ ನಾನು ಮಾತಾಡಲು ಎದ್ದರೆ ಅಡುಗೆಯವರು ಒಲೆಯ ಉರಿ ತಗ್ಗಿಸುತ್ತಾರೆ.

ಅಕ್ಕನ ಮನೆ ಕಾಪುವಿನ ಹತ್ತಿರ, ಹೊಳೆಯ ದಂಡೆಯಲ್ಲಿ. ಅಲ್ಲಿಂದ ತುಸು ಮೇಲ್ಭಾಗದಲ್ಲಿ ಮೀನಿನ ಹುಡಿ ಮಾಡುವ ಕಾರ್ಖಾನೆಯೊಂದು ಬಂತು. ಮೀನನ್ನು ಬೇಯಿಸಿ ಹಿಂಡಿದ ನೀರನ್ನು ಅವರು ನೇರ ಹೊಳೆಗೆ ಬಿಡುತ್ತಿದ್ದರು. ಹೊಳೆ ಕಂದುಬಣ್ಣಕ್ಕೆ ತಿರುಗಿತು, ಏಡಿಗಳು ಸತ್ತವು, ಅಕ್ಕನ ಬಾವಿಯ ನೀರಿನ ಮೇಲೆ ಎಣ್ಣೆ ಹೊಳೆಯತೊಡಗಿತು.

"ಸ್ನಾನ ಮಾಡಿ ಬಂದರೂ ಬಂಗುಡೆ ಮೀನಿನ ವಾಸನೆ ಮಾರಾಯ," ಎಂದು ಅಕ್ಕ ಫೋನಿನಲ್ಲಿ ಅತ್ತಳು. "ಆದಿತ್ಯವಾರ ಪ್ರತಿಭಟನೆ ಉಂಟು. ನಿನ್ನ ಬಾಯಿ ಒಮ್ಮೆಯಾದರೂ ಉಪಯೋಗಕ್ಕೆ ಬರಲಿ."

ಕೋಳಿಗಳ ಮುಂದೆ ನಿಂತು ಅಭ್ಯಾಸ ಮಾಡಿದೆ. ಅವು ತಲೆಯಾಡಿಸಿದ್ದನ್ನು ಮೆಚ್ಚುಗೆಯೆಂದೇ ತಿಳಿದೆ. ಆದಿತ್ಯವಾರ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ಕಾರ್ಖಾನೆಯ ಗೇಟಿನ ಮುಂದೆ ಗುಡುಗಿದೆ: "ಈ ಹುಡಿಯನ್ನು ನಾವು ತಿನ್ನುತ್ತೇವೆಯೇ? ಇಲ್ಲ! ಹಾಗಾದರೆ ಯಾರ ಹೊಟ್ಟೆಗಾಗಿ ನಮ್ಮ ಹೊಳೆ ಸಾಯಬೇಕು?" ಚಪ್ಪಾಳೆಯೋ ಚಪ್ಪಾಳೆ. ವಿಡಿಯೊ ಶಿರ್ವದಿಂದ ದುಬೈವರೆಗೆ ಹೋಯಿತು. ಕೆಲವೇ ದಿನಗಳಲ್ಲಿ ಅಧಿಕಾರಿಗಳು ಬಂದು ಕಾರ್ಖಾನೆಗೆ ಬೀಗ ಹಾಕಿದರು. ನಾನು ಕಾಪು ಪೇಟೆಯಲ್ಲಿ ಅಗತ್ಯಕ್ಕಿಂತ ನಿಧಾನವಾಗಿ ನಡೆಯಲು ಶುರುಮಾಡಿದೆ.

ಅಷ್ಟರಲ್ಲಿ ನನ್ನ ಕೋಳಿಗಳು ಕೈಕೊಟ್ಟವು. ಮೊಟ್ಟೆ ಕಡಿಮೆಯಾಯಿತು, ಇಟ್ಟದ್ದೂ ಸಣ್ಣದು. ಪಡುಬಿದ್ರಿಯಿಂದ ಕೋಳಿ ಆಹಾರ ತಂದುಕೊಡುವ ವ್ಯಾಪಾರಿಗೆ ಫೋನ್ ಮಾಡಿ ರೇಗಿದೆ. "ಎಂತ ಆಹಾರ ಇದು? ಎಂತ ಕಲಬೆರಕೆ ಮಾಡಿದ್ದೀರಿ?"

"ಕಲಬೆರಕೆ ಅಲ್ಲ. ಅದಕ್ಕೆ ಹಾಕುವ ಮೀನಿನ ಹುಡಿ ಸಿಗ್ತಾ ಇಲ್ಲ," ಎಂದರು ಅವರು. "ಕಾಪುವಿನಿಂದ ಬರ್ತಿತ್ತು. ನೀವೇ ಬಂದ್ ಮಾಡಿಸಿದ್ದಲ್ವಾ? ಭಾಷಣ ಭಾರೀ ಲಾಯ್ಕ ಇತ್ತು."

ಯಾರ ಹೊಟ್ಟೆಗೆಂದು ನಾನು ಊರೆಲ್ಲ ಕೇಳುವಂತೆ ಕೇಳಿದ್ದ ಪ್ರಶ್ನೆಗೆ ಉತ್ತರ ಗೂಡಿನೊಳಗೆ ಕೊಕ್ಕೊಕ್ಕೋ ಎನ್ನುತ್ತಿತ್ತು.

ಸ್ವಲ್ಪ ದಿನದಲ್ಲಿ ಹೊಸ ಆಹಾರ ಬಂತು. ಹುಡಿ ಹೊರರಾಜ್ಯದ ಕರಾವಳಿಯದಂತೆ. ಕೋಳಿಗಳು ಚೇತರಿಸಿಕೊಂಡವು.

"ಅಲ್ಲೂ ಹೊಳೆ ಉಂಟಾ?" ಎಂದು ಕೇಳಿದೆ.

"ಇರಬೇಕು," ಎಂದರು ವ್ಯಾಪಾರಿ. "ಹೊಳೆ ಇಲ್ಲದಿದ್ದರೆ ಕೊಳಕು ನೀರು ಎಲ್ಲಿ ಬಿಡುವುದು?"

ಒಂದು ಟ್ರೇ ಮೊಟ್ಟೆ ಹಿಡಿದುಕೊಂಡು ಅಕ್ಕನಲ್ಲಿಗೆ ಹೋಗಿ ಎಲ್ಲ ಹೇಳಿದೆ. ಅವಳು ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಒಂದು ಮೊಟ್ಟೆ ಕೈಗೆತ್ತಿಕೊಂಡು ಕೇಳಿದಳು:

"ಆ ಹೊಳೆಯ ಬದಿಯಲ್ಲೂ ನನ್ನ ಹಾಗೆ ಒಬ್ಬಳು ಇರ್ತಾಳೆ ಅಲ್ವಾ? ಅವಳ ಬಾವಿ?"

ಭಾಷಣ ಬಿಗಿಯದೆ, ಮೊಟ್ಟೆಗಳನ್ನು ಅವಳ ಬುಟ್ಟಿಗೆ ತುಂಬಿಸಿಕೊಟ್ಟು ಹೊರಟೆ. ಬಳಗದವರು ಇದನ್ನು ನಂಬುವುದಿಲ್ಲ.

ಮಳೆಗಾಲ ಕಳೆದ ಮೇಲೆ ಕಾರ್ಖಾನೆಯವರು ನೀರು ಶುದ್ಧೀಕರಿಸುವ ಟ್ಯಾಂಕ್ ಕಟ್ಟಿ ಮತ್ತೆ ತೆರೆಯುತ್ತೇವೆಂದು ಊರವರ ಸಭೆ ಕರೆದರು. ನಾನು ಎದ್ದಾಗ ಮೊಬೈಲುಗಳೂ ಎದ್ದವು. "ಟ್ಯಾಂಕ್ ಕಟ್ಟಲಿ, ಕಾರ್ಖಾನೆ ನಮ್ಮ ಕಣ್ಣೆದುರೇ ನಡೆಯಲಿ. ಈ ಹುಡಿ ನನ್ನ ಕೋಳಿಗಳಿಗೂ ಬೇಕು," ಎಂದೆ. "ಕಾರ್ಖಾನೆಯವರು ಎಷ್ಟು ಕೊಟ್ಟರು?" ಎಂದು ಹಿಂದಿನಿಂದ ಯಾರೋ ಕೂಗಿದರು. ಬಿಳಿ ಅಂಗಿ ಬೆನ್ನಿಗೆ ಅಂಟಿಕೊಂಡಿತು.

ಆಗ ಅಕ್ಕ ಎದ್ದಳು. ಸಭೆಯಲ್ಲಿ ಅವಳು ಮಾತಾಡಿದ್ದು ಅದೇ ಮೊದಲು. "ಇವನ ಮಾತು ಬಿಡಿ. ಇಲ್ಲಿ ಬಂದ್ ಆದರೆ ಹುಡಿ ಬೇರೆ ಊರಿನಲ್ಲಿ ಮಾಡ್ತಾರೆ. ಅಲ್ಲಿಯವರ ಬಾವಿ ಹಾಳಾದರೆ ನಮಗೆ ಸಮಾಧಾನವಾ? ಟ್ಯಾಂಕಿನಿಂದ ಬರುವ ನೀರನ್ನು ನಾವು ಹೆಂಗಸರು ದಿನಾ ನೋಡ್ತೇವೆ. ಕೆಟ್ಟರೆ ಅದೇ ದಿನ ಗೇಟ್ ಬಂದ್."

ಅಷ್ಟೇ. ಊರು ಒಪ್ಪಿತು; ನನ್ನ ಇಡೀ ಭಾಷಣಕ್ಕಿಂತ ಜಾಸ್ತಿ ಕೆಲಸವಾಯಿತು.

ಟ್ಯಾಂಕ್ ಕಟ್ಟಿ ಕಾರ್ಖಾನೆ ತೆರೆದ ಮೇಲೆ, ಅದರ ಖರ್ಚೂ ಸೇರಿ ಹುಡಿಯ ಬೆಲೆ ಏರಿತು, ಮೊಟ್ಟೆಯದೂ. ಮಣಿಪಾಲದ ಮೆಸ್ಸಿನವರು ಗೊಣಗುತ್ತಲೇ ಕೊಳ್ಳುತ್ತಿದ್ದಾರೆ. ಹೊಳೆಯಲ್ಲಿ ಅಲ್ಲೊಂದು ಇಲ್ಲೊಂದು ಏಡಿ ಕಾಣಿಸುತ್ತದೆ. ಎರಡು ಸಲ ನೀರು ಕೆಟ್ಟಾಗ ಅಕ್ಕ ಮತ್ತು ನೆರೆಯ ಹೆಂಗಸರು ಗೇಟಿನ ಮುಂದೆ ಕುಳಿತು, ಸರಿಯಾದ ಮೇಲೆಯೇ ಎದ್ದರು. ನಾನೂ ಹೋಗಿದ್ದೆ. ಚಹಾ ಹಂಚುವ ಕೆಲಸ ಕೊಟ್ಟರು.