ಹಲಗೂರಿನಲ್ಲಿ ಮೂಡಿದ ಕೆಂಪು ಗೆರೆ

ಕೆರಗೋಡಿನಿಂದ ಬೆಳಿಗ್ಗೆ ಆರೂವರೆ ಬಸ್ಸಿಗೆ ಹೊರಟು ಮಂಡ್ಯದಲ್ಲಿ ಮದ್ದೂರಿನ ಬಸ್ಸು ಹತ್ತಿದೆವು. ಹೆಂಗಸರಾದ ನಮಗೆ ಸೊನ್ನೆ ಟಿಕೆಟ್ ಕೊಟ್ಟ ಕಂಡಕ್ಟರ್, ಮಗಳು ನಳಿನಿಯ ತೊಡೆಯ ಮೇಲಿದ್ದ ಪೆಟ್ಟಿಗೆ ನೋಡಿ ಲಗೇಜಿಗೆ ಇಪ್ಪತ್ತು ರೂಪಾಯಿ ಕೇಳಿದ.

"ಅದ್ರಲ್ಲಿ ಚಿನ್ನ ಅದೆ ಕಣಪ್ಪ, ಹುಷಾರು" ಎಂದೆ. ಮೂವತ್ತು ವರ್ಷ ಪಾಠ ಹೇಳಿದ ಬಾಯಿ, ಸುಮ್ಮನಿರುವುದಿಲ್ಲ.

ಸುಳ್ಳೇನಲ್ಲ. ಪೆಟ್ಟಿಗೆಯಲ್ಲಿದ್ದ ಬೆರಳುದ್ದದ ಕಾಗದದ ಪಟ್ಟಿಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳಿದ್ದವು. ಅಷ್ಟು ಸಣ್ಣಗಾದರೆ ಚಿನ್ನ ಹಳದಿಯಲ್ಲ, ಕೆಂಪು. ಬಾಯಿಯ ಕ್ಯಾನ್ಸರ್ ಶುರುವಾಗುವಾಗ ಎಂಜಲಿನಲ್ಲಿ ಒಂದು ಪ್ರೋಟೀನು ಹೆಚ್ಚುತ್ತದೆ. ಕಣಗಳು ಅದನ್ನು ಹಿಡಿದರೆ ಪಟ್ಟಿಯಲ್ಲಿ ಕೆಂಪು ಗೆರೆ ಮೂಡುತ್ತದೆ. ನನ್ನ ಮಗಳ ಐದು ವರ್ಷದ ಕೆಲಸ. ಪ್ರಯೋಗಾಲಯದಾಚೆ ಅದು ನಿಲ್ಲುತ್ತದೋ ಇಲ್ಲವೋ ಅಂದು ತಿಳಿಯಬೇಕಿತ್ತು.

ಮದ್ದೂರಿನಲ್ಲಿ ಎರಡೆರಡು ವಡೆ ತಿಂದೆವು. ನಳಿನಿ ಅರ್ಧ ಬಿಟ್ಟಳು, ಅದನ್ನೂ ನಾನೇ ತಿಂದೆ. ಮಳವಳ್ಳಿ ದಾಟುವಾಗ ಬಿಸಿಲು ಚುರುಗುಟ್ಟುತ್ತಿತ್ತು. ಹಲಗೂರು ತಲುಪಿದಾಗ ಹನ್ನೊಂದು.

ಅಲ್ಲಿ ನನ್ನಕ್ಕ ದೇವಮ್ಮ ಹಾಲಿನ ಡೈರಿಯ ಜಗಲಿಯಲ್ಲಿ ಪರೀಕ್ಷೆಗೆಂದು ಇಪ್ಪತ್ತು ಜನರನ್ನು ಕೂರಿಸಿದ್ದಳು. ಬಂದವರಿಗೆ ಎಲೆಅಡಿಕೆ ಕೊಡದೆ ಕೂರಿಸುವ ಜಾಯಮಾನ ಅವಳದಲ್ಲ. ತಟ್ಟೆ ಸುತ್ತು ಹೊಡೆಯುತ್ತಿತ್ತು. ನಾನೂ ಒಂದೆಲೆ ಮಡಿಸಿ ಬಾಯಿಗಿಟ್ಟೆ.

ಎಂಜಲು ತಾಕಿಸಿದ ಮೊದಲ ಆರು ಪಟ್ಟಿಗಳೂ ಮೇಲಿಂದ ಕೆಳಗೆ ಕೆಂಪಾದವು. ನಳಿನಿಯ ಮುಖ ಸಪ್ಪಗಾಯಿತು. "ಎಲ್ಲ ಕೆಟ್ಟೋಗಿವೆ ಅಮ್ಮ" ಎಂದಳು.

ಮೂಲೆಯಲ್ಲಿದ್ದ ಬೋರಯ್ಯ ಕೆಂಪು ಬಾಯಿ ತೆರೆದ. "ಬಾಯ್ತುಂಬ ಎಲಡಿಕೆ ಅಗಿದು ಉಗುದ್ರೆ ಕಾಗ್ದ ಬೆಳ್ಳಗಿರ್ತದಾ ಮಗ?"

ಮಗಳು ತಟ್ಟೆಯನ್ನು ನೋಡಿದಳು, ನನ್ನ ಬಾಯನ್ನೂ ನೋಡಿದಳು. ಪ್ರಯೋಗಾಲಯದಲ್ಲಿ ಎಲೆಅಡಿಕೆ ಹಾಕುವವರು ಯಾರಿದ್ದರು? ನಕ್ಕುಬಿಟ್ಟಳು. ಡೈರಿಯ ನಲ್ಲಿಯಲ್ಲಿ ಎಲ್ಲರೂ ಬಾಯಿ ಮುಕ್ಕಳಿಸಿದೆವು. ಒಂದು ಗಂಟೆ ಯಾರೂ ಏನೂ ಬಾಯಿಗೆ ಹಾಕುವಂತಿಲ್ಲ ಎಂದು ನಳಿನಿ ತಾಕೀತು ಮಾಡಿದಳು. ತಟ್ಟೆಯನ್ನು ನಾನೇ ಒಳಗಿಟ್ಟು ಬಂದೆ.

ಆಮೇಲೆ ಪಟ್ಟಿಗಳು ಒಂದಾದ ಮೇಲೊಂದು ಬೆಳ್ಳಗೇ ಉಳಿದವು. ಕೊನೆಯದು ಅಕ್ಕನದು. ಅವಳ ಕೆನ್ನೆಯ ಒಳಗೆ ಆರು ತಿಂಗಳಿಂದ ಒಂದು ಬಿಳಿ ಮಚ್ಚೆ ಇತ್ತು. ಕೇಳಿದಾಗಲೆಲ್ಲ "ಸುಣ್ಣ ಜಾಸ್ತಿಯಾಗಿ ಸುಟ್ಟದೆ ಬುಡು, ಆಸ್ಪತ್ರೆಗೆ ಸಾಯೋರು ಓಯ್ತಾರೆ" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಅವಳ ಪಟ್ಟಿಯಲ್ಲಿ ತೆಳ್ಳಗೆ, ನೆಟ್ಟಗೆ ಒಂದು ಕೆಂಪು ಗೆರೆ ಮೂಡಿತು. ಖಾತ್ರಿಗೆಂದು ಅವಳಿಗೇ ಮತ್ತೆ ಹಾಕಿದ ಇನ್ನೊಂದು ಪಟ್ಟಿಯಲ್ಲೂ ಅದೇ ಗೆರೆ.

"ದೊಡ್ಡವ್ವ, ಇದೇ ಕೊನೆ ಮಾತಲ್ಲ. ಡಾಕ್ಟ್ರು ನೋಡ್ಬೇಕು. ಇವತ್ತೇ ಮಂಡ್ಯಕ್ಕೆ ಹೋಗಣ" ಎಂದಳು ನಳಿನಿ.

ಅಕ್ಕ ಪಟ್ಟಿಯನ್ನು ಬೆಳಕಿಗೆ ಹಿಡಿದಳು. "ಇದ್ನ ನೀನೇ ಮಾಡಿದ್ದಾ?"

"ನಾನೇ ದೊಡ್ಡವ್ವ."

"ಅಂಗಾದ್ರೆ ಬತ್ತೀನಿ ನಡಿ."

ಆರು ತಿಂಗಳು ನನ್ನ ಮಾತಿಗೆ ಬಗ್ಗದವಳು! ಹೆತ್ತದ್ದು ಸಾರ್ಥಕವಾಯಿತೆಂದು ಅಲ್ಲೇ ಅತ್ತುಬಿಟ್ಟೆ.

ಮಳವಳ್ಳಿಯಲ್ಲಿ ಬಸ್ಸು ನಿಂತಾಗ ಅಕ್ಕನ ಕೈ ತಾನಾಗಿ ಸೊಂಟದ ಎಲೆಅಡಿಕೆ ಚೀಲಕ್ಕೆ ಹೋಯಿತು. ಬಿಚ್ಚಲಿಲ್ಲ. "ಇದ್ನೂ ಮಡಿಕ" ಎಂದು ಮಗಳ ಪೆಟ್ಟಿಗೆಗೆ ಹಾಕಿದಳು.

ಮಂಡ್ಯದ ಡಾಕ್ಟರು ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ಮೇಲೆ, ಕ್ಯಾನ್ಸರೇ, ಆದರೆ ಇನ್ನೂ ಮೊದಲ ಹಂತ, ಒಳ್ಳೇ ಹೊತ್ತಿಗೆ ಬಂದಿರಿ ಎಂದರು. ಮಚ್ಚೆ ಕತ್ತರಿಸಿ ತೆಗೆದರು. ಅಕ್ಕ ಈಗ ಹಲಗೂರಿನಲ್ಲಿ ಆರಾಮಾಗಿದ್ದಾಳೆ. ಯಾರಾದರೂ ಎಲೆಗೆ ಸುಣ್ಣ ಸವರುವುದು ಕಂಡರೆ ಸಾಕು, ದೂರದಿಂದಲೇ ಕೂಗುತ್ತಾಳಂತೆ:

"ಬಾಯಿ ತೊಳ್ಕಳ್ರಲಾ, ನನ್ ತಂಗಿ ಮಗ್ಳು ಬತ್ತಾವ್ಳೆ."