ಊರ ಹೆಸರು ಮೊದಲು

ಬೆಳಗಿನ ಆರೂವರೆ. ಅಣ್ಣಿಗೇರಿಯ ಕಾಳಿನ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಶೈಲಾ ಚಹಾ ಕಪ್ಪನ್ನು ದೂರ ಸರಿಸಿ ಪರದೆ ನೋಡುತ್ತಾಳೆ. ಒಂದು ಕೆಂಪು ಸಾಲು. ತಪ್ಪು ಕಳಿಸಿದವರದೋ, ತಾನು ಬರೆದ ನಿಯಮದ್ದೋ? ಕೆಲಸಕ್ಕೆ ಸೇರಿ ನಾಲ್ಕು ವರ್ಷವಾದರೂ ಅವಳ ಮೊದಲ ಅನುಮಾನ ತನ್ನ ಮೇಲೆಯೇ.

ಸುತ್ತಲಿನ ಹದಿನೆಂಟು ಊರುಗಳ ರೈತರ ಸೊಸೈಟಿಗಳ ತೂಕದ ಯಂತ್ರಕ್ಕೆ ಸಾಫ್ಟ್‌ವೇರ್ ಹೋಗುವುದು ಇಲ್ಲಿಂದ. ಅದನ್ನು ತಿದ್ದುವ ಆರು ಜನ ತಂತಮ್ಮ ಮನೆಯಲ್ಲೇ ಕೂತು ಕೆಲಸ ಮಾಡುತ್ತಾರೆ. ಮೂಲ ಕೆಡದಿರಲೆಂದು ಪ್ರತಿ ತಿದ್ದುಪಡಿಗೂ ಬೇರೆ ಪ್ರತಿ ಮಾಡಿಕೊಳ್ಳುತ್ತಾರೆ, ಅದೇ ಬ್ರ್ಯಾಂಚ್. ಅದರ ಹೆಸರಿನಲ್ಲಿ ಮೊದಲು ಊರು, ಆಮೇಲೆ ಕೆಲಸ, ಕೊನೆಗೆ ಸಂಖ್ಯೆ. ಊರು ನೋಡಿ ತಿದ್ದುಪಡಿ ಅಲ್ಲಿಗೇ ಹೋಗುತ್ತದೆ. ಮೊದಲು ಊರಿಲ್ಲದಿದ್ದರೆ ಹದಿನೆಂಟಕ್ಕೂ ಹೋಗಿಬಿಡುತ್ತದೆ. ದಿನಕ್ಕೆ ಮೂವತ್ತು ಹೆಸರು ಬರುತ್ತವೆ, ನಾಲ್ಕೈದನ್ನು ಶೈಲಾಳ ತಪಾಸಣೆ ಕೆಂಪು ಸಾಲು ತೋರಿಸಿ ವಾಪಸ್ ಕಳಿಸುತ್ತದೆ. ಹಗಲೆಲ್ಲ ಸೀರೆಗೆ ಫಾಲ್ ಹಚ್ಚಿ, ಸಂಜೆ ಕ್ಲಾಸಿನಲ್ಲಿ ಕಂಪ್ಯೂಟರ್ ಕಲಿತ ಹುಡುಗಿ ಬರೆದ ನಲವತ್ತು ಸಾಲಿನ ನಿಯಮವದು.

ಇಂದು ಸಿಕ್ಕಿಬಿದ್ದವನು ಹೊಸಬ ಸಿದ್ಧಲಿಂಗ. ಅವನ ಬ್ರ್ಯಾಂಚಿನ ಹೆಸರು ‘ಶ್ರೀ’ಯಿಂದ ಶುರುವಾಗಿದೆ. ಯರಗುಪ್ಪಿಯಲ್ಲಿ ಒಂಬತ್ತಕ್ಕೆ ಕಡಲೆ ಖರೀದಿ; ಅಷ್ಟರೊಳಗೆ ಅವನ ತಿದ್ದುಪಡಿ ಅಲ್ಲಿ ಮುಟ್ಟಬೇಕು.

ಮಾಲೀಕ ಪ್ರಭು ಮೆಟ್ಟಿಲು ಹತ್ತುತ್ತಲೇ ಗದರುತ್ತಾರೆ. “ಇವತ್ತೊಂದಿನ ನಿನ್ನ ತಪಾಸಣಿ ಬಂದ್ ಇಡವಾ. ತಡಾ ಆತಂದ್ರ ಕಾಯಂ ತಗದ ಒಗಿತೇನಿ ನೋಡು!”

“ಹೋದ ವರ್ಷ ಯಮನೂರಾಗ ಏನಾತು ನೆನಪೈತಲ್ರಿ ಅಣ್ಣಾರ? ಹತ್ತ ನಿಮಿಷ ಕೊಡ್ರಿ.”

ಪ್ರಭು ಗಡಿಯಾರ ನೋಡಿ ಅಲ್ಲೇ ಕುರ್ಚಿ ಎಳೆದು ಕೂರುತ್ತಾರೆ. ತಪಾಸಣೆ ಬಂದ್ ಇಟ್ಟಿದ್ದ ಆ ದಿನ, ಊರ ಹೆಸರಿಲ್ಲದ ಯಾರದೋ ತಿದ್ದುಪಡಿ ಎಲ್ಲ ಊರಿಗೂ ಹೋಗಿ, ಯಮನೂರಿನ ಯಂತ್ರ ಮಧ್ಯಾಹ್ನದವರೆಗೆ ಸೊನ್ನೆ ತೋರಿಸಿತ್ತು. ರೈತರು ಚೀಲದ ಮೇಲೆಯೇ ಕೂತು ಬುತ್ತಿ ಬಿಚ್ಚಿದ್ದರು.

ಶೈಲಾ ಫೋನ್ ಹಚ್ಚುತ್ತಾಳೆ.

“ಶ್ರೀ ಬರೀದ ನಾ ಏನೂ ಚಾಲೂ ಮಾಡಂಗಿಲ್ಲ, ತಂಗಿ,” ಎನ್ನುತ್ತಾನೆ ಸಿದ್ಧಲಿಂಗ. “ನಮ್ಮಪ್ಪ ಕಿರಾಣಿ ಚೀಟಿಗೂ ಮ್ಯಾಲ ಶ್ರೀ ಹಾಕತಿದ್ದ.”

“ಬಿಡಬ್ಯಾಡ್ರಿ ಅಣ್ಣಾ. ಬಾಜೂಕ ಟಿಪ್ಪಣಿ ಬರಿಯೂ ಜಾಗಾ ಐತಲ್ರಿ? ಅಲ್ಲಿ ಮೊದಲ್ನೇ ಸಾಲಿನ್ಯಾಗ ಶ್ರೀ ಬರೀರಿ. ಹೆಸರಿನ್ಯಾಗ ಊರು ಮೊದಲ ಇರ್ಲಿ.”

“ಅಗದಿ ಬರೋಬ್ಬರಿ ಆತು!”

ಆರೂ ಮುಕ್ಕಾಲಿಗೆ ‘ಯರಗುಪ್ಪಿ-ತೂಕ-41’ ಹಸಿರಾಗುತ್ತದೆ. ಆದರೂ ಶೈಲಾ ನಿಯಮವನ್ನು ಇನ್ನೊಮ್ಮೆ ಓದುತ್ತಾಳೆ. ಒಂಬತ್ತೂ ಐದಕ್ಕೆ ಯರಗುಪ್ಪಿ ಸೊಸೈಟಿಯ ಹಮಾಲ ಭರಮಪ್ಪನ ಫೋನ್: “ಮೊದಲ್ನೇ ಚೀಲ ತೂಗೇತ್ರಿ ಅಕ್ಕಾರ!” ಆಗ ಅವಳು ಆರಿದ ಚಹಾ ಕುಡಿಯುತ್ತಾಳೆ.

ಪ್ರಭು ತಮ್ಮ ಕಂಪ್ಯೂಟರಿಗೆ ಹೋಗಿ, ‘ಅರ್ಜೆಂಟ್’ ಎಂದು ಶುರುವಾಗುವ ಹೆಸರೊಂದನ್ನು ಕಳಿಸಿ ನೋಡುತ್ತಾರೆ. ತಕ್ಷಣ ಕೆಂಪು ಸಾಲು. ಹೊಟ್ಟೆ ಹಿಡಿದು ನಗುತ್ತಾರೆ.

“ಏನವಾ, ಮಾಲಕಗೂ ಬಿಡಂಗಿಲ್ಲೇನ ಇದು? ಇರ್ಲಿ, ಇರ್ಲಿ. ಇದನ್ನ ಯಾರೂ ಬಂದ್ ಮಾಡೂದು ಬ್ಯಾಡ. ನಾನೂ.”

ಶೈಲಾ ಕಪ್ಪು ತೊಳೆಯಲು ಏಳುತ್ತಾಳೆ. “ಊರು ಮೊದಲ ಹಾಕ್ರಿ ಅಣ್ಣಾರ,” ಎನ್ನುತ್ತಾಳೆ, “ನಿಮ್ಮನ್ನೂ ಬಿಡತೇತಿ.”