ನೀರಿನ ಟ್ಯಾಂಕಿಗೆ ಕಟ್ಟಿದ ಹಗ್ಗ

ಕಳೆದ ಮಾರ್ಚ್ ತಿಂಗಳ ಒಂದು ಮಂಗಳವಾರ, ಬೆಳಗ್ಗೆ ಏಳೂವರೆ. ಸ್ಥಳ, ಅಬ್ಬಿಗೆರೆಯ ನಮ್ಮ ಮನೆಯ ತಾರಸಿ. ಹಾಜರಿದ್ದವರು ಬಣ್ಣದ ಮೇಸ್ತ್ರಿ, ಅವರ ಹೆಂಡತಿಯ ತಮ್ಮ ಮತ್ತು ನಾನು. ಮೂವತ್ತಾರು ವರ್ಷ ನರ್ಸ್ ಆಗಿದ್ದವಳು ನಾನು. ಹೀಗೆ ಬರೆದುಕೊಳ್ಳದಿದ್ದರೆ ಕೆಲಸ ಶುರುವಾಯಿತೆಂದೇ ಅನ್ನಿಸುವುದಿಲ್ಲ.

ಮನೆಗೆ ಮೂರು ಅಂತಸ್ತು. ಕೆಳಗೂ ನಡುವೆಯೂ ಬಾಡಿಗೆಯವರು, ಮೇಲೆ ನಾನು. ಎತ್ತರದಿಂದ ಬಿದ್ದವರನ್ನು ಮೂಳೆ ವಾರ್ಡಿನಲ್ಲಿ ಸಾಕಷ್ಟು ನೋಡಿದ್ದರಿಂದ, ಯಾವ ಗೋಡೆಗೆ ಏನು ಹತ್ತಿ ಬಣ್ಣ ಬಳಿಯುತ್ತೀರಿ ಎಂದು ಮೇಸ್ತ್ರಿಯನ್ನು ಮೊದಲೇ ವಿಚಾರಿಸಿದ್ದೆ. ಕಾಂಪೌಂಡಿಗೆ ಏಣಿ ಸಾಕು. ರಸ್ತೆ ಕಡೆಯ ಗೋಡೆಗೆ ಕಬ್ಬಿಣದ ಪೈಪಿನ ಸಾರುವೆ ಬೇಕು. ಅದರ ಹಲಗೆಯ ಮೇಲೆ ನಿಂತರೆ ಎರಡು ಕೈಯೂ ಬಿಡುವಾಗಿರುತ್ತವೆ. ಪಕ್ಕದ ಮನೆಯ ಕಡೆ ಮಾತ್ರ ಮೂರಡಿ ಸಂದು. ಅಲ್ಲಿ ಸಾರುವೆ ಹಿಡಿಸದು, ಜೂಲಾವೇ ಗತಿ. ಜೂಲಾ ಎಂದರೆ ತಾರಸಿಯಿಂದ ಹಗ್ಗದಲ್ಲಿ ಇಳಿಬಿಟ್ಟ ಒಂದು ಹಲಗೆ. ಅದರ ಮೇಲೆ ಕೂತು ಗೋಡೆ ಬಳಿಯಬೇಕು.

ಅಂದು ಜೂಲಾದ ಸರದಿ. ಹಗ್ಗವನ್ನು ಸಾವಿರ ಲೀಟರಿನ ನೀರಿನ ಟ್ಯಾಂಕಿಗೆ ಸುತ್ತಿ ಕಟ್ಟಿದ್ದರು.

"ಮೆಟ್ಟಿಲ ಕೋಣೆ ಕಂಬಕ್ಕೆ ಕಟ್ಟಬಾರದಿತ್ತಾ?" ಎಂದೆ.

"ಹಗ್ಗ ಅಲ್ಲೀವರ್ಗೂ ಬರಲ್ಲ ಸಿಸ್ಟರಮ್ಮಾ. ಸಾವಿರ ಲೀಟ್ರು ಅಂದ್ರೆ ಸಾವಿರ ಕೆಜಿ. ಬೆಳಗ್ಗೆ ಇವನನ್ನ ಹಾಸಿಗೆಯಿಂದ ಎಬ್ಬಿಸ್ಬಹುದು, ಇದನ್ನ ಅಲ್ಲಾಡಿಸೋಕಾಗಲ್ಲ," ಎಂದರು ಮೇಸ್ತ್ರಿ.

"ದುಲ್ಹಾಭಾಯ್, ನಿಮ್ಗೆ ಬಣ್ಣದ ಬಕೆಟ್ ಇಳ್ಸೋನು ನಾನೇ, ನೆನಪಿರ್ಲಿ," ಎಂದು ಅಕ್ಕನ ಗಂಡನನ್ನು ಛೇಡಿಸಿ ಭಾವಮೈದ ನಕ್ಕ.

ಬಿದ್ದರೆ ತಡೆಯುವ ಬೆಲ್ಟ್ ಎಲ್ಲಿ ಎಂದು ಕೇಳಿದೆ. ಸೊಂಟಕ್ಕೆ ಬಿಗಿದುಕೊಂಡಿದ್ದರು, ಕೊಕ್ಕೆಯನ್ನು ಅದೇ ಹಗ್ಗಕ್ಕೆ ಸಿಕ್ಕಿಸಿದ್ದರು. ಟ್ಯಾಂಕಿನ ಮುಚ್ಚಳ ಎತ್ತಿ ನೋಡಿದೆ. ಕಂಠಮಟ್ಟ ನೀರು. 'ಹಗ್ಗ ಸರಿ' ಎಂದು ಪುಸ್ತಕದಲ್ಲಿ ಬರೆದು ಅಡುಗೆಗೆ ಇಳಿದೆ.

ಎಂಟು ಗಂಟೆಗೆ ಕರೆಂಟು ಹೋಯಿತು. ಮೋಟಾರ್ ಓಡದು. ಕರೆಂಟು ಹೋದ ಕೂಡಲೇ ಮೊದಲು ನೀರು ಹಿಡಿದಿಟ್ಟುಕೊಳ್ಳಿ ಎಂದು ಬಾಡಿಗೆಯವರಿಗೆ ಕಟ್ಟುನಿಟ್ಟಾಗಿ ಹೇಳಿದವಳು ನಾನೇ. ನಾನೂ ನನ್ನ ಬಕೆಟ್ಟುಗಳನ್ನು ಸಾಲಾಗಿ ತುಂಬಿಸಿದೆ. ಕೆಳಗಿನ ಮನೆಗಳಲ್ಲೂ ನಲ್ಲಿ ಸುರಿಯುವ ಸದ್ದು ಕೇಳುತ್ತಿತ್ತು. ಹೇಳಿದ ಮಾತು ಕೇಳುತ್ತಾರಲ್ಲ ಎಂದು ಸಮಾಧಾನವೇ ಆಗಿತ್ತು.

ಒಂಬತ್ತು ದಾಟಿರಬೇಕು. ಅಕ್ಕಿ ತೊಳೆಯುತ್ತಿದ್ದಾಗ ನಲ್ಲಿಯ ನೀರು ದಾರದಷ್ಟು ಸಣ್ಣಗಾಯಿತು. ಪಾತ್ರೆ ಕೈಯಲ್ಲೇ ಉಳಿಯಿತು. ಆ ಸಾವಿರ ಕೆಜಿಯನ್ನು ನಾವು ಮೂರು ಮನೆಯವರೂ ಬಸಿದುಕೊಂಡಿದ್ದೆವು.

ಮೆಟ್ಟಿಲು ಹತ್ತಿದೆ. ಮಂಡಿ ನೋವು ಆಗ ನೆನಪಿಗೇ ಬರಲಿಲ್ಲ. ಟ್ಯಾಂಕು ಕಟ್ಟೆಯ ಮೇಲೆ ಸರಿದಿತ್ತು. ಅದು ಮೊದಲಿದ್ದ ಜಾಗದಲ್ಲಿ ನಾಲ್ಕು ಬೆರಳಗಲ ಸಿಮೆಂಟು ಬೆಳ್ಳಗೆ ಕಾಣುತ್ತಿತ್ತು. ನಾನು ನೋಡುತ್ತಿದ್ದಂತೆಯೇ ಕಿರ್ರೆಂದು ಇನ್ನಷ್ಟು ಸರಿಯಿತು. ಭಾವಮೈದ ಬಣ್ಣ ಕಲಸಲು ಕೆಳಗೆ ಹೋಗಿದ್ದ. ಟ್ಯಾಂಕನ್ನು ತಬ್ಬಿ ಹಿಡಿಯೋಣವೆನ್ನಿಸಿತು. ನನ್ನ ಐವತ್ತು ಕೆಜಿಯಿಂದ ಏನಾಗಬೇಕು? ಕೂಗಿದರೆ ಮನುಷ್ಯ ಬೆಚ್ಚಿ ಮೇಲೆ ನೋಡುತ್ತಾನೆ, ಹಗ್ಗ ಜಗ್ಗುತ್ತದೆ. ಹಗ್ಗ ಮುಟ್ಟದೆ ಪ್ಯಾರಾಪೆಟ್ಟಿಗೆ ಬಾಗಿದೆ. ಮೇಸ್ತ್ರಿ ನನ್ನ ಬಚ್ಚಲ ಕಿಟಕಿಯ ಪಕ್ಕ ತೂಗುತ್ತಿದ್ದರು. ನಡುವಿನ ಮನೆಯ ಕಿಟಕಿಯ ಸಜ್ಜಾ ಅವರ ಪಾದಕ್ಕಿಂತ ಒಂದು ಗೇಣು ಕೆಳಗಿತ್ತು.

ವಾರ್ಡಿನಲ್ಲಿ ಮಾತಾಡುವ ದನಿಯಲ್ಲಿ ಹೇಳಿದೆ: "ಮೇಸ್ತ್ರಿ, ಬ್ರಷ್ ಬಿಡಿ."

"ಯಾಕಮ್ಮಾ, ಕಲರ್ ತಪ್ಪಾಯ್ತಾ?"

"ಕಲರ್ ಸರಿ ಇದೆ. ಮೇಲೆ ನೋಡ್ಬೇಡಿ. ಎರಡು ಕೈಲೂ ಕಿಟಕಿ ಗ್ರಿಲ್ ಹಿಡ್ಕೊಳ್ಳಿ. ಹಿಡಿದ್ರಾ? ಈಗ ಕಾಲು ಸಜ್ಜಾ ಮೇಲೆ ಇಡಿ. ಮೆಲ್ಲಗೆ. ಭಾರ ಎಲ್ಲಾ ಕಾಲಿಗೆ ಬಿಡಿ."

ಬ್ರಷ್ ಕೆಳಗೆ ಬಿದ್ದ ಸದ್ದು ಕೇಳಿತು. ಆಮೇಲೆ ಹಗ್ಗ ಸಡಿಲವಾಯಿತು. "ಬೆಲ್ಟಿನ ಕೊಕ್ಕೆ ಗ್ರಿಲ್ಲಿಗೆ ಹಾಕಿ," ಎಂದೆ. ಅವರು ಹಾಕಿದರು.

ಆಮೇಲಷ್ಟೇ ಭಾವಮೈದನನ್ನು ಕೂಗಿದೆ. ಅವನು ಉದ್ದದ ಏಣಿ ತಂದು ಸಂದಿಯಲ್ಲಿ ನಿಲ್ಲಿಸಿದ. ಜಾಗ ಸಾಲದೆ ಅದು ನೆಟ್ಟಗೆ ನಿಂತಿತು, ಬುಡವನ್ನು ಸಾಕಷ್ಟು ಹೊರಗಿಡಲಾಗಲಿಲ್ಲ. ಅವನು ಬುಡಕ್ಕೆ ಕಾಲು ಕೊಟ್ಟು ಎರಡು ಕೈಯಲ್ಲೂ ಹಿಡಿದ. ಮೇಸ್ತ್ರಿ ಒಂದೊಂದೇ ಮೆಟ್ಟಿಲು ಇಳಿದು ನೆಲದ ಮೇಲೆ ಕೂತುಬಿಟ್ಟರು.

ಕೆಳಮನೆಯಾಕೆ ನೀರು ತಂದು ಕೊಟ್ಟಳು. "ಮೂರು ಡ್ರಮ್ಮು ನಾವೇ ಹಿಡ್ಕೊಂಡ್ವಿ ಆಂಟಿ. ನೀವೇ ಹೇಳಿದ್ರಲ್ಲಾ..." ಎಂದು ಅಳುವ ಹಾಗೆ ನಿಂತಳು.

"ತಪ್ಪು ನನ್ನದಮ್ಮಾ," ಎಂದೆ.

"ಇಷ್ಟು ವರ್ಷ ಟ್ಯಾಂಕಿಗೇ ಕಟ್ಟಿದೀನಿ," ಎಂದರು ಮೇಸ್ತ್ರಿ. "ಒಳಗಿನ ನೀರು ಯೋಚ್ನೇನೇ ಮಾಡ್ಲಿಲ್ಲ."

ಭಾವಮೈದ ಯಶವಂತಪುರಕ್ಕೆ ಹೋಗಿ ಉದ್ದದ ಎರಡು ಹೊಸ ಹಗ್ಗ ತಂದ. ಹಲಗೆಯ ಹಗ್ಗವನ್ನು ಮೆಟ್ಟಿಲ ಕೋಣೆಯ ಒಂದು ಕಂಬಕ್ಕೆ, ಬೆಲ್ಟಿನದನ್ನು ಇನ್ನೊಂದು ಕಂಬಕ್ಕೆ ಕಟ್ಟಿದರು. ಒಂದು ಹೋದರೆ ಇನ್ನೊಂದು ಇರಬೇಕು. ನಾಳೆ ಮಾಡೋಣವೆಂದೆ. "ಇವತ್ತು ಇಳೀದಿದ್ರೆ ನಾಳೆ ಇಳಿಯಕ್ಕಾಗಲ್ಲ ಅಮ್ಮಾ," ಎಂದು ಮೇಸ್ತ್ರಿ ಎರಡೂವರೆಗೆ ಮತ್ತೆ ಹಲಗೆಯ ಮೇಲೆ ಕೂತರು. ನಾನು ಬೆಲ್ಟಿನ ಹಗ್ಗದ ಗಂಟಿನ ಹತ್ತಿರ ಕುರ್ಚಿ ಹಾಕಿಕೊಂಡೆ. ಹಗ್ಗ ಬಿಗಿದಾಗಲೆಲ್ಲ ಕಂಬದ ಮೇಲೆ ಕೈಯಿಟ್ಟು ನೋಡುತ್ತಿದ್ದೆ. ಕಾಂಕ್ರೀಟು ಅಲುಗುವುದಿಲ್ಲವೆಂದು ಗೊತ್ತಿದ್ದರೂ ಕೈ ಅಲ್ಲಿಗೇ ಹೋಗುತ್ತಿತ್ತು.

ಐದಕ್ಕೆ ಹತ್ತು ನಿಮಿಷವಿರುವಾಗ ಕೆಳಗಿನಿಂದ ಕೂಗು ಬಂತು: "ಇಳಿದೆ ಸಿಸ್ಟರಮ್ಮಾ!" ಬಾಗಿ ನೋಡಿ, ಎರಡು ಕಾಲೂ ನೆಲದ ಮೇಲಿರುವುದನ್ನು ಖಚಿತ ಮಾಡಿಕೊಂಡೆ. ಆಮೇಲೆ ಭಾವಮೈದನೂ ನಾನೂ ಗಂಟು ಬಿಚ್ಚಿ, ಎರಡೂ ಹಗ್ಗಗಳನ್ನು ಸುತ್ತಿ ಒಳಗಿಟ್ಟೆವು.